ಹಳೆಯ ಮೋಟಾರನ್ನು ಮಾರುವ ಮುನ್ನ

ಹೊಸದೆಂದರೆ ಒಳ್ಳೆಯದು, ಹಳೆಯದೆಂದರೆ ಬಿಸಾಡತಕ್ಕದ್ದು ಎಂಬ ಭಾವನೆ ನಮ್ಮ ಜನರಲ್ಲಿ ಈಚೆಗೆ ಬಲವಾಗಿ ಬೇರೂರಿದೆ. ಇದಕ್ಕೆ ಎದುರಾಗಿ, ಹಿಂದಿನದೇ ಗಟ್ಟಿ, ಈಗಿನದೆಲ್ಲ ಬರಿಯ ತಗಡು ಎಂದು ತಲೆಯಾಡಿಸುವ ಹಿರಿಯರೂ ಪ್ರತಿಯೊಂದು ಊರಿನ ಕಟ್ಟೆಯ ಮೇಲೆ ಇದ್ದೇ ಇದ್ದಾರೆ. ಈ ಎರಡು ಪಕ್ಷದವರೂ ವಿಚಾರ ಮಾಡುವ ಶ್ರಮದಿಂದ ತಪ್ಪಿಸಿಕೊಂಡವರೆಂದೇ ನನ್ನ ಅಭಿಪ್ರಾಯ. ಸೀರೆಯ ವಿಷಯದಲ್ಲೋ ಕೈಗಡಿಯಾರದ ವಿಷಯದಲ್ಲೋ ಇಂತಹ ಅವಿಚಾರದಿಂದ ಆಗುವ ನಷ್ಟ ಅಲ್ಪವಾದುದು. ಆದರೆ ಬಾಡಿಗೆಯ ಮೋಟಾರನ್ನು ನಂಬಿ ಅನ್ನ ಉಣ್ಣುವ ಮನೆಯಲ್ಲಿ, ಹಳೆಯದನ್ನು ಕೊಟ್ಟು ಹೊಸದನ್ನು ತರುವ ತೀರ್ಮಾನವೆಂದರೆ ಮುಂದಿನ ಏಳು ವರ್ಷಗಳ ಊಟದ ತೀರ್ಮಾನ. ಅಂತಹ ಮನೆಗಳಲ್ಲಿ ನಮ್ಮದೂ ಒಂದಾದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ಹುಡುಗಿಯಾದವಳಿಗೆ ಇಂಜಿನ್ನಿನ ಉಸಾಬರಿ ಏಕೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಮನೆಯ ಲೆಕ್ಕದ ವಹಿ ನನ್ನ ಕೈಯಲ್ಲಿದೆ.

ನಮ್ಮೂರು ಸಾಣಾಪುರ. ಗಂಗಾವತಿ ತಾಲ್ಲೂಕಿನಲ್ಲಿ, ಆನೆಗೊಂದಿಯಿಂದ ಸ್ವಲ್ಪ ಪಡುವಣಕ್ಕೆ, ಗುಂಡುಬಂಡೆಗಳ ನಡುವೆ, ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರು ಬಂದು ನಿಲ್ಲುವ ಕೆರೆಯ ಬಳಿ ಇರುವ ಗ್ರಾಮ. ಒಂದು ಕಾಲಕ್ಕೆ ಇಲ್ಲಿ ಭತ್ತವನ್ನು ಬಿಟ್ಟರೆ ಬೇರೆ ಬದುಕಿರಲಿಲ್ಲ. ಈಗ ಹಂಪೆಯನ್ನು ನೋಡಲು ಬಂದವರು ಹೊಳೆ ದಾಟಿ ಈ ಕಡೆಗೂ ಬರುತ್ತಾರೆ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದ ಮೇಲಂತೂ ನಮ್ಮ ಕಡೆಗೆ ಬರುವವರು ಹೆಚ್ಚಿದ್ದಾರೆ. ಹರಿಗೋಲಿನಲ್ಲಿ ಕುಳಿತು ಕೆರೆಯನ್ನು ಸುತ್ತುವರು, ಅಂಜನಾದ್ರಿಯನ್ನು ಹತ್ತುವರು. ಅವರನ್ನು ಹೊಸಪೇಟೆಯ ರೈಲು ನಿಲ್ದಾಣದಿಂದ ಕರೆತರುವುದು, ತಿರುಗಿಸುವುದು, ಮತ್ತೆ ಒಯ್ದು ಬಿಡುವುದು ನನ್ನ ತಂದೆಯವರ ಉದ್ಯೋಗ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬೇರೆಯವರ ಟ್ರಾಕ್ಟರು ಹೊಡೆಯುತ್ತ ಇಂಜಿನ್ನಿನ ವಿದ್ಯೆಯನ್ನು ಕಲಿತವರು. ಊರಲ್ಲಿ ರಾತ್ರಿ ಹೊತ್ತು ಯಾರಿಗಾದರೂ ಹೆರಿಗೆ ನೋವು ಬಂದರೆ, ಹಾವು ಮುಟ್ಟಿದರೆ, ಮೊದಲು ಬಡಿಯುವ ಬಾಗಿಲೂ ನಮ್ಮದೇ. ಗಂಗಾವತಿಯ ಆಸ್ಪತ್ರೆ ತಲಪುವವರೆಗೆ ಆ ಇಂಜಿನ್ನು ನಿಲ್ಲಬಾರದು. ವಿಶ್ವಾಸಾರ್ಹತೆ ಎಂಬ ಶಬ್ದವನ್ನು ನಾನು ಕಾಲೇಜಿನಲ್ಲಿ ಕಲಿತೆ. ಅದರ ಅರ್ಥ ಮಾತ್ರ ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿರುವಂಥದೇ.

ನಮ್ಮ ಮೋಟಾರು 2004ನೆಯ ಇಸವಿಯದು, ಡೀಸೆಲಿನದು. ತಂದೆಯವರು ಅದನ್ನು ಇನ್ನೊಬ್ಬರಿಂದ ಕೊಂಡುಕೊಂಡರು. ಎಂಟು ವರ್ಷ ದಾಟಿದ ಬಾಡಿಗೆ ವಾಹನವನ್ನು ಪ್ರತಿ ವರ್ಷವೂ ತಪಾಸಣೆಗೆ ಒಯ್ದು ಎಫ್.ಸಿ. ಮಾಡಿಸಬೇಕೆಂಬ ನಿಯಮವಿರುವುದರಿಂದ, ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲಿ ಪರೀಕ್ಷೆಯ ಫಲಿತಾಂಶದ ದಿನದಂತಹ ಒಂದು ದಿನ ಬರುತ್ತದೆ. ಸ್ವಂತಕ್ಕೆ ಕಾರು ಇಟ್ಟುಕೊಂಡವರಿಗೂ ಸುಖವಿಲ್ಲ: ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿಯನ್ನು ನವೀಕರಿಸುವ ಶುಲ್ಕ 2022ರ ಏಪ್ರಿಲ್ 1ರಂದು 600 ರೂಪಾಯಿಗಳಿಂದ 5000ಕ್ಕೆ ಏರಿತು. ಹಳೆಯದನ್ನು ಬಿಟ್ಟುಬಿಡಿರೆಂದು ಸರ್ಕಾರವೂ ಸೂಚಿಸುತ್ತಿದೆ, ಮಾರಾಟಗಾರರೂ ಹೇಳುತ್ತಿದ್ದಾರೆ, ನೆಂಟರೂ ಹೇಳುತ್ತಿದ್ದಾರೆ. ಬಿಡುವುದೇನೋ ಸರಿ, ಹಿಡಿಯುವುದು ಯಾವುದನ್ನು ಎಂಬುದೇ ಪ್ರಶ್ನೆ.

ಮೊದಲು ಹಣದ ಮಾತನ್ನು ಮುಗಿಸಿಬಿಡೋಣ. ಕಳೆದ ಮೂರು ವರ್ಷಗಳಲ್ಲಿ ನಮ್ಮ ವಾಹನದ ರಿಪೇರಿಗೆ ಕ್ರಮವಾಗಿ 38,400, 61,200, 44,900 ರೂಪಾಯಿಗಳು ಹೋಗಿವೆ. ಮೂರನ್ನೂ ಕೂಡಿಸಿ ತಿಂಗಳಿಗೆ ಹಂಚಿದರೆ ನಾಲ್ಕು ಸಾವಿರದ ಲೆಕ್ಕ ಬಂತು. ಹೊಸದಕ್ಕೆ ಎಂಟು ಲಕ್ಷ ಸಾಲವನ್ನು ನೂರಕ್ಕೆ ಹತ್ತರ ಬಡ್ಡಿಯಂತೆ ಏಳು ವರ್ಷಕ್ಕೆ ತೆಗೆದುಕೊಂಡರೆ ತಿಂಗಳಿಗೆ ಸುಮಾರು 13,280 ರೂಪಾಯಿ ಕಂತು. ಏಳು ವರ್ಷ ಮುಗಿಯುವ ಹೊತ್ತಿಗೆ ನಾವು ತೆತ್ತದ್ದು 11 ಲಕ್ಷ 15 ಸಾವಿರ ದಾಟಿರುತ್ತದೆ. ರಿಪೇರಿಯ ಬಿಲ್ಲನ್ನು ನೋಡಿ ಹೆದರಿ ಹೊಸದನ್ನು ಕೊಳ್ಳುವವರು ಈ ಎರಡು ಅಂಕೆಗಳನ್ನು ಒಂದರ ಕೆಳಗೊಂದು ಬರೆದು ನೋಡಬೇಕು. ರಿಪೇರಿ ಒಂದು ತಿಂಗಳು ಬರುತ್ತದೆ, ಎರಡು ತಿಂಗಳು ಬರುವುದಿಲ್ಲ. ಕಂತಿಗೆ ರಜೆಯಿಲ್ಲ.

ಹಾಗಾದರೆ ಹಳೆಯದನ್ನೇ ಇಟ್ಟುಕೊಳ್ಳಬಹುದಲ್ಲ ಎಂದು ಯಾರಾದರೂ ಕೇಳಿಯಾರು. ಇಟ್ಟುಕೊಳ್ಳಬಹುದಾಗಿತ್ತು, ಲೆಕ್ಕ ಬರಿಯ ಹಣದ್ದಾಗಿದ್ದರೆ. ಕಳೆದ ವರ್ಷ ನಮ್ಮ ಮೋಟಾರು 26 ದಿನ ಗ್ಯಾರೇಜಿನಲ್ಲಿ ನಿಂತಿತ್ತು. ಅದರಲ್ಲಿ 11 ದಿನ ಪ್ರವಾಸಿಗರು ಬರುವ ಹಂಗಾಮಿನವು. ಆ ಹನ್ನೊಂದು ದಿನಗಳಲ್ಲಿ ಒಂದು ರಾತ್ರಿ ಬಾಗಿಲು ಬಡಿದವರನ್ನು ತಂದೆಯವರು ಬರಿಗೈಯಲ್ಲಿ ಹಿಂದಕ್ಕೆ ಕಳಿಸಬೇಕಾಯಿತು. ಅವರಿಗೆ ಬೇರೆ ಗಾಡಿ ಸಿಕ್ಕಿತು, ದೇವರು ದೊಡ್ಡವನು. ಅಂದಿನಿಂದ ನಾನು ವಹಿಯಲ್ಲಿ ರೂಪಾಯಿಗಳ ಪಕ್ಕಕ್ಕೆ ಇನ್ನೊಂದು ಗೆರೆ ಎಳೆದು, ನಿಂತ ದಿನಗಳನ್ನೂ ಬರೆಯತೊಡಗಿದೆ. ಕಾರಿನ ನಂಬಿಕೆಯನ್ನು ಅಳೆಯುವ ಮಾಪು ಇದೇ ಎಂಬುದು ನನ್ನ ವಾದದ ಮೊದಲ ಮಾತು: ಎಷ್ಟು ಖರ್ಚಾಯಿತು ಎಂದಲ್ಲ, ಎಷ್ಟು ದಿನ ನಿಂತಿತು, ಮತ್ತು ಮುನ್ಸೂಚನೆ ಕೊಟ್ಟು ನಿಂತಿತೋ ಕೊಡದೆ ನಿಂತಿತೋ ಎಂದು.

ಈ ಕಡೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಯಂತ್ರ ಕೆಡುವುದಕ್ಕೆ ಮುಂಚೆ ಕೂಗುತ್ತದೆ. ಚಕ್ರದ ಬೇರಿಂಗು ಸವೆದರೆ ಗುಂಯ್ಗುಡುವುದು, ಕ್ಲಚ್ಚು ತೀರಿದರೆ ಏರಿನಲ್ಲಿ ಜಾರುವುದು, ರೇಡಿಯೇಟರು ಸೋರಿದರೆ ನೆಲ ಒದ್ದೆಯಾಗುವುದು. ಇವನ್ನೆಲ್ಲ ನನ್ನ ತಂದೆಯವರು ವಾರದ ಮುಂಚೆ ಕಿವಿಯಿಂದಲೇ ತಿಳಿದುಕೊಳ್ಳುತ್ತಾರೆ. ಹೊಸದರಲ್ಲಿ ಇಂಜಿನ್ನಿನ ಬುದ್ಧಿಯೆಲ್ಲ ಒಂದು ಪುಟ್ಟ ಪೆಟ್ಟಿಗೆಯೊಳಗೆ ಸೇರಿಕೊಂಡಿದೆ. ಹತ್ತಾರು ಸೆನ್ಸರುಗಳು ಅದಕ್ಕೆ ಸುದ್ದಿ ಮುಟ್ಟಿಸುತ್ತವೆ. ಅವುಗಳಲ್ಲಿ ಒಂದು ತಪ್ಪು ಸುದ್ದಿ ಕೊಟ್ಟರೂ ಮುಂದೆ ಕೆಂಪು ದೀಪವೋ ಹಳದಿ ದೀಪವೋ ಹತ್ತಿ, ಗಾಡಿ ತನ್ನ ಬಲವನ್ನು ತಾನೇ ಕುಗ್ಗಿಸಿಕೊಂಡು ತೆವಳತೊಡಗುತ್ತದೆ. ತಂದೆಯವರು ಇದನ್ನು ತಮ್ಮ ಮಾತಿನಲ್ಲಿ ಹೇಳುವುದು ಹೀಗೆ: "ಇದಕ್ಕ ಬ್ಯಾನಿ ಬಂದ್ರ ವಾರದ ಮುಂಚೆ ಹೇಳತೈತಿ ಯವ್ವಾ. ಅದು ಹೇಳೂದಿಲ್ಲ. ದೀಪ ಹಚ್ಚಿ ಸುಮ್ನ ಕುಂದ್ರತೈತಿ." ಇದರಲ್ಲಿ ಉತ್ಪ್ರೇಕ್ಷೆಯಿದೆ, ಆದರೆ ಸುಳ್ಳಿಲ್ಲ. ನಮ್ಮ ಪಕ್ಕದೂರಿನವರೊಬ್ಬರು ಹೊಸ ಮಾದರಿಯೊಂದು ಪೇಟೆಗೆ ಬಂದ ತಿಂಗಳಲ್ಲೇ ಅದನ್ನು ತಂದರು. ಏಳನೆಯ ತಿಂಗಳಿಗೆ ದೀಪ ಹತ್ತಿತು. ಒಂದು ಬಿಡಿಭಾಗ ಬರುವವರೆಗೆ 19 ದಿನ ಅದು ವರ್ಕ್‌ಶಾಪಿನಲ್ಲಿ ನಿಂತಿತು. ವಾರಂಟಿ ಇದ್ದುದರಿಂದ ಆ ಭಾಗಕ್ಕೆ ದುಡ್ಡು ಬೀಳಲಿಲ್ಲ, ನಿಜ. ಆದರೆ ಹತ್ತೊಂಬತ್ತು ದಿನದ ಬಾಡಿಗೆಗೆ ಯಾವ ವಾರಂಟಿಯಿದೆ?

ಎತ್ತು ಕೊಳ್ಳುವುದರಲ್ಲಿ ನಮ್ಮ ಹಿರಿಯರು ಇಷ್ಟು ಅಮಾಯಕರಾಗಿರಲಿಲ್ಲ. ದನದ ಸಂತೆಯಲ್ಲಿ ಕೋಡಿಗೆ ಬಣ್ಣ ಬಳಿದ ಹೋರಿಯನ್ನು ನೋಡಿ ಮರುಳಾದವನನ್ನು ಮಂದಿ ನಗುತ್ತಿದ್ದರು. ಮೊದಲು ತುಟಿ ಎತ್ತಿ ಹಲ್ಲು ನೋಡುವುದು: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ಎಂದು. ಆಮೇಲೆ ಸುಳಿ, ಗೊರಸು, ನಡೆ. ಕೊನೆಗೆ ಹೇರು ತುಂಬಿದ ಬಂಡಿಗೆ ಹೂಡಿ ಎಳೆಸಿ ನೋಡುವುದು. ನಾಲ್ಕು ಹಲ್ಲಿನ ಎತ್ತಿಗೆ ಹೆಚ್ಚು ಬೆಲೆ ಏಕೆಂದರೆ ಅದರಲ್ಲಿ ಪ್ರಾಯವೂ ಉಂಟು, ನೊಗದ ಅಭ್ಯಾಸವೂ ಉಂಟು. ಹಾಲುಹಲ್ಲಿನ ಕರುವನ್ನು ಯಾರೂ ಬಿತ್ತನೆಯ ಹೊತ್ತಿಗೆ ನಂಬಿಕೊಂಡು ತರುತ್ತಿರಲಿಲ್ಲ. ಈ ವಿವೇಕ ನಮಗೆ ಮೋಟಾರಿನ ಅಂಗಡಿಯ ಗಾಜಿನ ಬಾಗಿಲು ದಾಟಿದೊಡನೆ ಎಲ್ಲಿ ಮಾಯವಾಗುವುದೋ ನಾನರಿಯೆ. ಅಲ್ಲಿ ನಾವು ಪರದೆಯ ಅಗಲವನ್ನು ಅಳೆಯುತ್ತೇವೆ, ಮೇಲ್ಛಾವಣಿಯ ಕಿಟಕಿ ತೆರೆಯುವುದೇ ಎಂದು ವಿಚಾರಿಸುತ್ತೇವೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನೆಂಬ ಗಾದೆ ನಮ್ಮದೇ ಆಗಿದ್ದೂ, ಮೊದಲ ವಾರದ ಓಟವನ್ನು ನೋಡಿ ಏಳು ವರ್ಷದ ಸಾಲಕ್ಕೆ ರುಜು ಹಾಕುತ್ತೇವೆ.

ಕಾರಿನ ಹಲ್ಲು ಎಣಿಸುವುದು ಹೇಗೆ? ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರಖಾನೆಯಿಂದ 2000ದ ಜನವರಿಯಲ್ಲಿ ಕ್ವಾಲಿಸ್ ಎಂಬ ವಾಹನ ಹೊರಬಂತು. ಅದರ ಆಕಾರ ಪೆಟ್ಟಿಗೆಯಂತಿತ್ತು. ಅದು ಹೊಸ ಸೃಷ್ಟಿಯೂ ಅಲ್ಲ. ಇಂಡೋನೇಷ್ಯಾದಲ್ಲಿ ಕಿಜಾಂಗ್ ಎಂಬ ಹೆಸರಿನಿಂದ ವರ್ಷಗಟ್ಟಲೆ ದುಡಿದ ಮಾದರಿಯೊಂದನ್ನು ಇಲ್ಲಿಯ ರಸ್ತೆಗೆ ಹೊಂದಿಸಿ ತಂದದ್ದು. ಹಳೆಯ ಸರಕನ್ನು ತಂದು ನಮಗೆ ಮಾರುತ್ತಾರೆ ಎಂದು ಆಗ ಮೂಗು ಮುರಿದವರುಂಟು. ಆದರೆ ಬಾಡಿಗೆ ಚಾಲಕರು ಮೂಗು ಮುರಿಯಲಿಲ್ಲ. ಆ 2.4 ಲೀಟರಿನ ಡೀಸೆಲ್ ಇಂಜಿನ್ನಿಗೆ ಹೆಚ್ಚಿನ ಬಲವಿಲ್ಲದಿದ್ದರೂ ಕೆಡುವ ಗುಣವಿರಲಿಲ್ಲ. 2005ರಲ್ಲಿ ಕ್ವಾಲಿಸನ್ನು ನಿಲ್ಲಿಸಿ ಇನ್ನೋವಾ ತಂದಾಗ, ಓಡುತ್ತಿರುವ ಗಾಡಿಯನ್ನು ಏಕೆ ನಿಲ್ಲಿಸಿದರೆಂದು ಜನ ಅಚ್ಚರಿಪಟ್ಟರು. ನಿಲ್ಲಿಸಿ ಎರಡು ದಶಕ ದಾಟಿದ ಮೇಲೂ ನಮ್ಮ ಭಾಗದ ರಸ್ತೆಗಳಲ್ಲಿ ಅವು ಕಣ್ಣಿಗೆ ಬೀಳುತ್ತವೆ. ಜಾಹೀರಾತಿನಲ್ಲಿ ಯಾವುದನ್ನು ಕೊರತೆಯೆಂದು ಎಣಿಸುತ್ತೇವೆಯೋ ಅದೇ, ಅಂದರೆ ಬೇರೆ ಕಡೆ ದುಡಿದು ದುಡಿದು ಬಾಯಿಗೂಡಿದ್ದೇ, ಅದರ ಬಂಡವಾಳವಾಗಿತ್ತು.

ಇದರಿಂದ ಹಳೆಯ ಮಾದರಿಯೆಲ್ಲ ಶ್ರೇಷ್ಠವೆಂದು ಹೇಳಿದಂತಾಗಲಿಲ್ಲ. ಅಂಬಾಸಿಡರ್ ಕಾರು 1950ರ ದಶಕದ ಕೊನೆಯಿಂದ 2014ರವರೆಗೆ ಹೆಚ್ಚು ಬದಲಾವಣೆಯಿಲ್ಲದೆ ತಯಾರಾಯಿತು. ಅದು ಎಲ್ಲಿ ನಿಂತರೂ ಅಲ್ಲಿ ರಿಪೇರಿಯಾಗುತ್ತಿತ್ತೆಂದು ಹಿರಿಯರು ಹೊಗಳುತ್ತಾರೆ. ಹೌದು, ಆದರೆ ಅದು ಎಲ್ಲೆಂದರಲ್ಲಿ ನಿಲ್ಲುತ್ತಲೂ ಇತ್ತೆಂಬ ಮಾತನ್ನು ಅದೇ ಹಿರಿಯರು ಎರಡನೆಯ ಲೋಟ ಚಹಾ ಕುಡಿದ ಮೇಲೆ ಒಪ್ಪಿಕೊಳ್ಳುತ್ತಾರೆ. ಸುಲಭವಾಗಿ ರಿಪೇರಿಯಾಗುವುದು ಬೇರೆ, ರಿಪೇರಿಗೆ ಬಾರದಿರುವುದು ಬೇರೆ. ಎರಡೂ ಒಂದೇ ಗಾಡಿಯಲ್ಲಿ ಕೂಡಿ ಬರುವುದು ಅಪರೂಪ. ಕೂಡಿದರೆ ಅದನ್ನು ಬಿಡಬಾರದು.

ಗಂಗಾವತಿಯಲ್ಲಿ ತಂದೆಯವರಿಗೆ ಪರಿಚಯವಿರುವ ಮಿಸ್ತ್ರಿಯೊಬ್ಬರಿದ್ದಾರೆ. ಅವರು ನನಗೆ ಹೇಳಿಕೊಟ್ಟ ಒಂದು ಸೂತ್ರ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ: "ಗಾಡಿ ಹೆಸರ ಕೇಳಬ್ಯಾಡ ತಂಗಿ, ಒಳಗಿನ ಇಂಜಿನ್ ಯಾವ್ದು, ಗೇರ್ ಬಾಕ್ಸ್ ಯಾವ್ದು ಕೇಳು. ಮ್ಯಾಲಿಂದೆಲ್ಲ ಅಂಗಿ." ಇದು ಎಷ್ಟು ಸತ್ಯವೆಂಬುದಕ್ಕೆ ಒಂದು ಉದಾಹರಣೆ ಸಾಕು. ಫಿಯಟ್ ಕಂಪನಿಯವರು ರೂಪಿಸಿದ 1.3 ಲೀಟರಿನ ಡೀಸೆಲ್ ಇಂಜಿನ್ನೊಂದು ಮಾರುತಿಯ ಸ್ವಿಫ್ಟಿನಲ್ಲಿ ಒಂದು ಹೆಸರಿನಿಂದ, ಫಿಯಟ್ ಪುಂಟೋದಲ್ಲಿ ಇನ್ನೊಂದು ಹೆಸರಿನಿಂದ, ಟಾಟಾ ವಿಸ್ಟಾದಲ್ಲಿ ಮತ್ತೊಂದು ಹೆಸರಿನಿಂದ ಓಡಾಡಿತು. ಮೂರು ಅಂಗಿ, ಒಡಲು ಒಂದೇ. ಒಂದರ ಕಾಯಿಲೆಯನ್ನು ಕಲಿತ ಮಿಸ್ತ್ರಿಗೆ ಮೂರರ ಕಾಯಿಲೆಯೂ ತಿಳಿಯಿತು, ಊರೂರಿಗೆ ಬಿಡಿಭಾಗ ಸಿಕ್ಕಿತು. ಇದಕ್ಕೆ ವ್ಯತಿರಿಕ್ತವಾಗಿ, ಹತ್ತು ವರ್ಷದಿಂದ ಕೇಳಿದ ಹೆಸರೇ ಆಗಿದ್ದರೂ ಒಳಗೆ ನಿನ್ನೆ ಹುಟ್ಟಿದ ಇಂಜಿನ್ನಿದ್ದರೆ ಅದು ಹಾಲುಹಲ್ಲಿನ ಗಾಡಿಯೇ ಸರಿ.

2020ರ ಏಪ್ರಿಲ್ 1ರಂದು ದೇಶಕ್ಕೆಲ್ಲ ಬಿ.ಎಸ್. ಆರು ಎಂಬ ಹೊಗೆಯ ನಿಯಮ ಜಾರಿಗೆ ಬಂದಾಗ ಆ ಇಂಜಿನ್ನಿನ ಕಾಲ ಮುಗಿಯಿತು. ಮಾರುತಿಯವರು ಡೀಸೆಲ್ ಕಾರುಗಳನ್ನೇ ಬಿಟ್ಟರು. ನಿಯಮ ಒಳ್ಳೆಯದು, ನಾವು ಉಸಿರಾಡುವ ಗಾಳಿಗೆ ಅದು ಅವಶ್ಯ. ಆದರೆ ನಮ್ಮಂಥ ಊರಿನವರು ಅದರಿಂದಾದ ಒಂದು ಬದಲಾವಣೆಯನ್ನು ತಿಳಿದಿರಲೇಬೇಕು. ಹೊಸ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಡಿ.ಪಿ.ಎಫ್. ಎಂಬ ಸೋಸುಕವೊಂದಿರುತ್ತದೆ. ಮಸಿ ತುಂಬಿದಾಗ ಅದು ಕಾದು ಕೆಂಪಾಗಿ ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಅಷ್ಟು ಕಾಯಬೇಕಾದರೆ ಗಾಡಿ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಸ್ವಲ್ಪ ಹೊತ್ತು ಓಡಬೇಕು. ಸಾಣಾಪುರದ ಕೆರೆಯಿಂದ ಆನೆಗೊಂದಿ, ಆನೆಗೊಂದಿಯಿಂದ ಅಂಜನಾದ್ರಿ, ಅಲ್ಲಿ ಒಂದು ತಾಸು ನಿಂತು ಮತ್ತೆ ಕೆರೆಗೆ ಎಂದು ತಿರುಗುವ ಗಾಡಿಗೆ ಆ ಯೋಗ ಎಲ್ಲಿಂದ ಬರಬೇಕು? ಬೆಂಗಳೂರಿನಿಂದ ಹುಬ್ಬಳ್ಳಿಗೆ ಓಡುವವನಿಗೆ ಅತ್ಯಂತ ನಂಬಿಕೆಯದಾದ ಕಾರೇ ನಮ್ಮ ಓಣಿಯಲ್ಲಿ ದೀಪ ಹಚ್ಚಿ ಕುಳಿತೀತು. ಆದುದರಿಂದ ಈ ಕಾರು ನಂಬಿಕೆಯದೇ ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಯಾರಿಗೆ, ಯಾವ ದಾರಿಗೆ ಎಂಬುದು ಉಳಿದರ್ಧ.

ದಾರಿಯೆಂದ ಮೇಲೆ ಇನ್ನೆರಡು ಸಂಗತಿಗಳನ್ನು ಹೇಳಬೇಕು. ನಮ್ಮದು ಭತ್ತದ ಸೀಮೆ. ಕೆಸರುಗದ್ದೆಯ ಕಬ್ಬಿಣದ ಗಾಲಿ ಬಿಚ್ಚದೆಯೇ ಟ್ರಾಕ್ಟರುಗಳು ಡಾಂಬರಿನ ಮೇಲೆ ಬಂದು ರಸ್ತೆಯನ್ನು ಸೀಳುತ್ತವೆ. ಹೀಗಾಗಿ ಸ್ಪ್ರಿಂಗು, ಷಾಕ್ ಅಬ್ಸಾರ್ಬರುಗಳ ಗಟ್ಟಿತನ ಇಲ್ಲಿ ಪರದೆಯ ಅಗಲಕ್ಕಿಂತ ಮುಖ್ಯ. ಎರಡನೆಯದು ಇಲಿ. ನಗಬೇಡಿ. ಕೊಯ್ಲು ಮುಗಿದ ಮೇಲೆ ಗದ್ದೆಯ ಇಲಿಗಳು ಬೆಚ್ಚಗಿನ ಇಂಜಿನ್ನಿನೊಳಗೆ ಸೇರಿಕೊಂಡು ತಂತಿ ಕಡಿಯುತ್ತವೆ. ನಮ್ಮ ಹಳೆಯ ಗಾಡಿಯಲ್ಲಿ ತಂತಿಗಳೇ ಕಡಿಮೆ. ಕಡಿದರೆ ತಂದೆಯವರೇ ಟೇಪು ಸುತ್ತಿ ಜೋಡಿಸುತ್ತಾರೆ. ಹೊಸದರ ತಂತಿಯ ಗೊಂಚಲನ್ನು ಇಲಿ ಕಡಿದರೆ ಕಂಪ್ಯೂಟರು ತರಿಸಿ ಹುಡುಕಿಸಬೇಕು. ಕಾರಿನ ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿದಾಗ ಅಲ್ಲಿಯ ತರುಣರು ಒಬ್ಬರ ಮುಖವನ್ನೊಬ್ಬರು ನೋಡಿದರು.

ಇಷ್ಟು ಹೇಳಿದ ಮೇಲೆ ಹೊಸದರ ಪಕ್ಷವನ್ನೂ ವಹಿಸದಿದ್ದರೆ ಅನ್ಯಾಯವಾದೀತು. ಕಾರ್ಬುರೇಟರು ಹೋಗಿ ಇಂಧನವನ್ನು ಅಳೆದು ಚಿಮ್ಮಿಸುವ ಏರ್ಪಾಡು ಬಂದ ಮೇಲೆ, ಮುಂಜಾನೆ ಇಂಜಿನ್ನು ಹತ್ತದೆ ಜನ ತಳ್ಳುವ ದೃಶ್ಯ ಹೋಯಿತು. ತುಕ್ಕು ಕಡಿಮೆಯಾಯಿತು. ಎಲ್ಲಕ್ಕಿಂತ ದೊಡ್ಡದು ಜೀವದ ಮಾತು: ಬ್ರೇಕು ಬಿಗಿದಾಗ ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. 2019ರಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಯಿತು. ಮುಂದಿನ ಎರಡು ಆಸನಗಳಿಗೆ ಗಾಳಿಚೀಲ 2022ರ ಹೊತ್ತಿಗೆ ಕಡ್ಡಾಯವಾಯಿತು. ನಮ್ಮ 2004ರ ಗಾಡಿಯಲ್ಲಿ ಇವೊಂದೂ ಇಲ್ಲ. ಪ್ರತಿ ದಿನ ಆ ಚಕ್ರದ ಹಿಂದೆ ಕುಳಿತುಕೊಳ್ಳುವವರು ನನ್ನ ತಂದೆ. ಹಳೆಯದನ್ನು ಇಟ್ಟುಕೊಳ್ಳೋಣವೆಂಬ ನನ್ನ ಎಲ್ಲ ಲೆಕ್ಕಗಳೂ ಈ ಒಂದು ಮಾತಿನ ಮುಂದೆ ನಿಲ್ಲುವುದಿಲ್ಲ. ತೂಗಿ ನೋಡಿ ನಾನು ಬದಲಿಸುವ ಪಕ್ಷಕ್ಕೇ ಸೇರಿದ್ದೇನೆ. ತಂದೆಯವರು ಇನ್ನೂ ಒಂದು ಮಳೆಗಾಲ ನೋಡೋಣವೆನ್ನುತ್ತಾರೆ.

ಆದರೆ ಸುರಕ್ಷತೆಯನ್ನೂ ವಿಶ್ವಾಸಾರ್ಹತೆಯನ್ನೂ ಒಂದೇ ಮಾಡಬಾರದು. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ನಡೆಯುತ್ತಿದೆ. ಕಾರನ್ನು ಗುದ್ದಿಸಿ ನೋಡಿ ಐದರವರೆಗೆ ನಕ್ಷತ್ರಗಳನ್ನು ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ಐದು ನಕ್ಷತ್ರದ ಕಾರು ಕೆಡುವುದಿಲ್ಲವೆಂದು ತಿಳಿದವರನ್ನು ನಾನು ನಮ್ಮ ಕಾಲೇಜಿನಲ್ಲಿಯೇ ಕಂಡಿದ್ದೇನೆ. ನಕ್ಷತ್ರ ಹೇಳುವುದು ಗುದ್ದಿದಾಗ ಏನಾಗುವುದೆಂದು; ಐದನೆಯ ವರ್ಷ ಏನಾಗುವುದೆಂದಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಜಾರ್ಜ್ ಅಕೆರ್ಲೋಫರ ಹೆಸರು ಪರಿಚಿತ. ಅವರು 1970ರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಕುರಿತು ಒಂದು ಲೇಖನ ಬರೆದರು. 2001ರಲ್ಲಿ ನೊಬೆಲ್ ಬಹುಮಾನ ಪಡೆದರು. ಮಾರುವವನಿಗೆ ಗಾಡಿಯ ಹುಳುಕು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಒಳ್ಳೆಯ ಗಾಡಿಗೂ ಒಳ್ಳೆಯ ಬೆಲೆ ಬರುವುದಿಲ್ಲ, ಒಳ್ಳೆಯವು ಕ್ರಮೇಣ ಪೇಟೆಯಿಂದ ಹಿಂಜರಿಯುತ್ತವೆ ಎಂಬುದು ಅದರ ತಿರುಳು. ಅಮೆರಿಕದಲ್ಲಿ ಹುಳುಕು ಕಾರಿಗೆ ನಿಂಬೆಹಣ್ಣು ಎನ್ನುತ್ತಾರಂತೆ. ನಾವೋ ಹೊಸ ಕಾರು ತಂದೊಡನೆ ನಾಲ್ಕು ಗಾಲಿಗಳಿಗೂ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ! ಅಕೆರ್ಲೋಫರು ಹಳೆಯ ಕಾರಿಗೆ ಹೇಳಿದ ಮಾತು ಹೊಸ ಮಾದರಿಗೂ ಸಲ್ಲುತ್ತದೆಂದು ನನಗೆ ತೋರುತ್ತದೆ. ಎಷ್ಟು ಗಾಡಿಗಳು ವಾರಂಟಿಯಲ್ಲಿ ಹಿಂದಕ್ಕೆ ಬಂದವು, ಯಾವ ಭಾಗಕ್ಕಾಗಿ ಬಂದವು ಎಂಬ ಲೆಕ್ಕ ತಯಾರಕರ ಬಳಿ ಇರುತ್ತದೆ. ಕೊಳ್ಳುವವನ ಬಳಿ ಬಣ್ಣದ ಚಿತ್ರಗಳ ಪುಸ್ತಕವಿರುತ್ತದೆ.

ಬೇರೆ ದೇಶಗಳಲ್ಲಿ ಈ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬಿದ್ದಾರೆ. ಇಂಗ್ಲೆಂಡಿನಲ್ಲಿ 1960ರಲ್ಲಿ ಎಂ.ಓ.ಟಿ. ಎಂಬ ತಪಾಸಣೆ ಪ್ರಾರಂಭವಾಯಿತು. ಮೂರು ವರ್ಷ ತುಂಬಿದ ಪ್ರತಿಯೊಂದು ಕಾರೂ ವರ್ಷಕ್ಕೊಮ್ಮೆ ಅದನ್ನು ದಾಟಬೇಕು. ಯಾವ ಮಾದರಿ ಯಾವುದರಲ್ಲಿ ನಪಾಸಾಯಿತೆಂಬುದನ್ನು ಸರ್ಕಾರವೇ ಎಲ್ಲರಿಗೂ ತೆರೆದಿಟ್ಟಿದೆ. ಜರ್ಮನಿಯಲ್ಲಿಯೂ ತಪಾಸಣೆ ಮಾಡುವ ಸಂಸ್ಥೆಗಳು ವರ್ಷವರ್ಷವೂ ಪಟ್ಟಿ ಹೊರಡಿಸುತ್ತವೆ. ಅಮೆರಿಕದಲ್ಲಿ 1936ರಿಂದ ನಡೆದುಬಂದಿರುವ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಪತ್ರಿಕೆ ತನ್ನ ಸದಸ್ಯರನ್ನೇ ಕೇಳಿ ಕಾರುಗಳ ಕಾಯಿಲೆಗಳನ್ನು ಅಚ್ಚು ಹಾಕುತ್ತದೆ. ಹೊಸ ಮಾದರಿಯನ್ನು ಅದು ಹೊರಬಂದ ಮೊದಲ ವರ್ಷದಲ್ಲಿ ಕೊಳ್ಳಬೇಡಿರೆಂಬುದು ಅವರು ಬಹುಕಾಲದಿಂದ ಹೇಳುತ್ತ ಬಂದಿರುವ ಮಾತು. 2023ರ ಅವರ ವರದಿಯಲ್ಲಿ ನನ್ನ ಮನಸ್ಸನ್ನು ಹಿಡಿದ ಒಂದು ಅಂಶವಿದೆ: ಬರಿಯ ವಿದ್ಯುತ್ತಿನ ಕಾರುಗಳಲ್ಲಿ ಪೆಟ್ರೋಲ್ ಕಾರಿಗಿಂತ ನೂರಕ್ಕೆ 79ರಷ್ಟು ಹೆಚ್ಚು ತೊಂದರೆ, ಆದರೆ ಇಂಜಿನ್ನೂ ಮೋಟಾರೂ ಎರಡೂ ಇರುವ ಹೈಬ್ರಿಡ್ ಕಾರುಗಳಲ್ಲಿ 26ರಷ್ಟು ಕಡಿಮೆ! ಭಾಗಗಳು ಕಡಿಮೆಯಿದ್ದರೆ ಕೆಡುವುದು ಕಡಿಮೆ ಎನ್ನುವ ನಮ್ಮ ತರ್ಕಕ್ಕೆ ಇದು ತಿರುಗಾಮುರುಗ. ಹೈಬ್ರಿಡ್ ಕಾರು ಜಪಾನಿನಲ್ಲಿ 1997ರಿಂದ ಮಾರಾಟದಲ್ಲಿದೆಯೆಂಬುದನ್ನು ನೆನೆದರೆ ಒಗಟು ಬಿಡಿಸಿಕೊಳ್ಳುತ್ತದೆ. ಅದು ಬಾಯಿಗೂಡಿದೆ, ಇದಕ್ಕೆ ಇನ್ನೂ ಹಾಲುಹಲ್ಲು.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 2010ರ ಫೆಬ್ರವರಿಯಲ್ಲಿ ಮಾರುತಿಯವರು ಎ-ಸ್ಟಾರ್ ಎಂಬ, ಪೇಟೆಗೆ ಬಂದು ಒಂದೂವರೆ ವರ್ಷವೂ ತುಂಬದ ಮಾದರಿಯ ಸುಮಾರು ಒಂದು ಲಕ್ಷ ಕಾರುಗಳನ್ನು ಇಂಧನ ಪಂಪಿನ ದೋಷಕ್ಕಾಗಿ ಹಿಂದಕ್ಕೆ ಕರೆಸಿ ಸರಿಪಡಿಸಿಕೊಟ್ಟರು. ಹಾಗೆ ಕರೆಸುವುದು ಆಗ ಕಂಪನಿಯ ಮನಸ್ಸಿಗೆ ಬಿಟ್ಟದ್ದಾಗಿತ್ತು. 2019ರಲ್ಲಿ ಮೋಟಾರು ವಾಹನ ಕಾಯಿದೆ ತಿದ್ದುಪಡಿಯಾಗಿ, 2021ರ ಏಪ್ರಿಲ್‌ನಿಂದ ಸರ್ಕಾರವೇ ವಾಪಸಾತಿಗೆ ಆಜ್ಞೆ ಮಾಡಬಹುದಾಗಿದೆ. ದಂಡ ಒಂದು ಕೋಟಿಯವರೆಗೂ ಹೋಗಬಲ್ಲುದು. ಆದರೆ ನನ್ನ ಬೇಡಿಕೆ ಇದಕ್ಕಿಂತ ಸರಳವಾದುದು. ವರ್ಷಕ್ಕೊಮ್ಮೆ ನಮ್ಮ ಗಾಡಿಗಳನ್ನು ನಿಲ್ಲಿಸಿ, ಬಗ್ಗಿ ನೋಡಿ, ಹೊಗೆ ಅಳೆದು ಕಾಗದದ ಮೇಲೆ ಬರೆದುಕೊಳ್ಳುತ್ತಾರಲ್ಲ, ಆ ಕಾಗದಗಳೆಲ್ಲ ಎಲ್ಲಿ ಹೋಗುತ್ತವೆ? ಮಾಲೀಕರ ಹೆಸರು ತೆಗೆದು, ಮಾದರಿ, ಇಸವಿ, ನಪಾಸಾದ ಕಾರಣ ಇಷ್ಟನ್ನೇ ವರ್ಷಕ್ಕೊಮ್ಮೆ ಪ್ರಕಟಿಸಿದರೆ ಖಜಾನೆಗ��ಗುವ ನಷ್ಟವೇನು? ಎಂಟು ಲಕ್ಷ ಸಾಲ ಮಾಡುವವನಿಗೆ ಆ ಒಂದು ಪಟ್ಟಿ ದೀಪವಾದೀತು.

ಅದು ಬರುವವರೆಗೆ ನಮಗೆ ಉಳಿದಿರುವ ಗ್ರಂಥಾಲಯವೆಂದರೆ ಗ್ಯಾರೇಜು. ಈ ವರ್ಷ ಪರೀಕ್ಷೆಯ ಓದಿನ ನಡುವೆ ನಾನು ಗಂಗಾವತಿ, ಹೊಸಪೇಟೆ, ಕೊಪ್ಪಳಗಳಲ್ಲಿ ಒಟ್ಟು ಏಳು ಜನ ಮಿಸ್ತ್ರಿಗಳನ್ನು ತಂದೆಯವರೊಡನೆ ಕಂಡೆ. ಎಲ್ಲರಿಗೂ ಮೂರೇ ಪ್ರಶ್ನೆ. ಒಂದೇ ಕಾಯಿಲೆಗೆ ಎರಡಕ್ಕಿಂತ ಹೆಚ್ಚು ಸಲ ಬಂದ ಗಾಡಿ ಯಾವುದು, ಬಿಡಿಭಾಗಕ್ಕಾಗಿ ಹೆಚ್ಚು ದಿನ ಕಾದದ್ದು ಯಾವುದಕ್ಕೆ, ನಿಮ್ಮ ಸ್ವಂತ ದುಡ್ಡಿನಲ್ಲಾದರೆ ಯಾವುದನ್ನು ಕೊಳ್ಳುತ್ತೀರಿ. ಮೊದಲೆರಡಕ್ಕೆ ಉತ್ತರಗಳು ಬೇರೆ ಬೇರೆ ಬಂದವು. ಮೂರನೆಯದಕ್ಕೆ ಏಳರಲ್ಲಿ ಐವರು ಒಂದೇ ಬಗೆಯ ಉತ್ತರ ಕೊಟ್ಟರು: ಟರ್ಬೋ ಇಲ್ಲದ ಸಾದಾ ಪೆಟ್ರೋಲ್ ಇಂಜಿನ್ನು, ಕೈಯಿಂದ ಹಾಕುವ ಗೇರು, ಪೇಟೆಗೆ ಬಂದು ನಾಲ್ಕೈದು ವರ್ಷವಾದರೂ ಆಗಿರುವ ಮಾದರಿ. ಪೆಟ್ರೋಲಿನಲ್ಲಿ ಈಗ ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸುವುದರಿಂದ, ಅದಕ್ಕೆ ಹೊಂದುವ ರಬ್ಬರು ಕೊಳವೆಗಳಿರುವ, 2023ರ ಏಪ್ರಿಲಿನಿಂದೀಚೆಗೆ ತಯಾರಾದ ಗಾಡಿಯನ್ನೇ ನೋಡಬೇಕೆಂದು ಅವರಲ್ಲೊಬ್ಬರು ಸೇರಿಸಿದರು. ಹೀಗೆ ಮಾದರಿ ಹಳೆಯದಾಗಿ ಗಾಡಿ ಹೊಸದಾಗಿರಬೇಕೆಂಬ ವಿಚಿತ್ರ ಆದರೆ ನ್ಯಾಯವಾದ ಸ್ಥಳಕ್ಕೆ ನಮ್ಮ ಹುಡುಕಾಟ ಬಂದು ನಿಂತಿದೆ. ಎರಡು ಹೆಸರುಗಳು ಉಳಿದಿವೆ. ಏಳು ಜನರನ್ನೂ ಸಾಮಾನನ್ನೂ ಹೇರಿ ಏರಿನಲ್ಲಿ ಓಡಿಸಿ ನೋಡಲು ಕೊಟ್ಟರೆ ಮಾತ್ರ ಮುಂದಿನ ಮಾತೆಂದು ತಂದೆಯವರು ಪಟ್ಟು ಹಿಡಿದಿದ್ದಾರೆ. ಬಂಡಿಗೆ ಹೂಡದೆ ಎತ್ತು ಕೊಂಡ ವಂಶ ನಮ್ಮದಲ್ಲ.

ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬರುವ ಸಹಪಾಠಿಗಳು ಈ ರಜೆಯಲ್ಲಿ ತಮ್ಮ ಊರಿನ ಮಿಸ್ತ್ರಿಗಳಿಗೆ ಇದೇ ಮೂರು ಪ್ರಶ್ನೆಗಳನ್ನು ಕೇಳಿ ಬರೆದುಕೊಂಡು ಬಂದರೆ ಉಪಕಾರವಾದೀತು. ನನ್ನ ವಹಿಯಲ್ಲಿ ಇನ್ನೂ ಎಂಬತ್ತು ಪುಟಗಳು ಖಾಲಿ ಇವೆ.